ಹಳದಿ ಗೀಟು

ಮನೆಯಲ್ಲಿ ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಶೆಡ್ಡಿನಲ್ಲಿ ಎಲ್ಲರ ಬಾಯಲ್ಲೂ ಅವಳು ಸ್ಪ್ರಿಂಗಮ್ಮ. ಕಾಲೇಜಿನ ಹಿಂಭಾಗದಲ್ಲಿ, ನೀರಿನ ಟ್ಯಾಂಕಿಗೂ ಸೈಕಲ್ ಸ್ಟ್ಯಾಂಡಿಗೂ ನಡುವೆ ಇದ್ದ ತಗಡಿನ ಶೆಡ್ಡು ಅದು. ವಿದ್ಯಾರ್ಥಿಗಳು ಸೇರಿ ಅಲ್ಲಿ ಕಾಲೇಜುಗಳ ನಡುವಿನ ಸ್ಪರ್ಧೆಗೆಂದು ವರ್ಷಕ್ಕೊಂದು ರೇಸ್ ಕಾರು ಕಟ್ಟುತ್ತಿದ್ದರು. ಒಬ್ಬರೇ ಕೂರುವ, ಚಾವಣಿಯಿಲ್ಲದ, ನೆಲಕ್ಕೆ ಅಂಟಿಕೊಂಡಂತಿರುವ ಪುಟ್ಟ ಕಾರು. ಆ ಶೆಡ್ಡಿಗೆ ಕಾಲಿಟ್ಟ ಯಾರನ್ನೂ ಅಡ್ಡಹೆಸರು ಬಿಟ್ಟದ್ದಿಲ್ಲ. ಎಂಜಿನ್ ನೋಡಿಕೊಳ್ಳುವವನು ಹೊಗೆ, ಉದ್ದ ಕಾಲಿನವನು ಒಂಟೆ, ಎಲ್ಲರ ಮೇಲೂ ಕೂಗಾಡುವವನು ಕ್ಯಾಪ್ಟನ್. ಬೇರೆಯವರ ಅಡ್ಡಹೆಸರಿನಲ್ಲಿ ಸಲುಗೆ ಇತ್ತು. ಇವಳದರಲ್ಲಿ ಸಲುಗೆಗಿಂತ ಅಂಜಿಕೆಯೇ ಒಂದು ಹಿಡಿ ಜಾಸ್ತಿ. ಆ 'ಅಮ್ಮ' ಸುಮ್ಮನೆ ಬಂದು ಸೇರಿದ್ದಲ್ಲ.

ಅವಳ ಪಾಲಿಗೆ ಬಂದದ್ದು ಸಸ್ಪೆನ್ಷನ್. ಅದೇನೆಂದು ಗೊತ್ತಿಲ್ಲದವರಿಗೆ ಇಷ್ಟು ಸಾಕು: ಕಾರಿಗೂ ನೆಲಕ್ಕೂ ಇರುವ ನಂಟೆಲ್ಲ ನಾಲ್ಕು ಚಕ್ರಗಳದ್ದು, ಆ ಚಕ್ರಗಳನ್ನು ಕಾರಿಗೆ ಹಿಡಿದಿಡುವುದು ಉಕ್ಕಿನ ಕೊಳವೆಯ ತೋಳುಗಳು. ಸ್ಪ್ರಿಂಗು ನೆಲದ ಏಟನ್ನು ನುಂಗುತ್ತದೆ. ಡ್ಯಾಂಪರ್ ಎಂಬ ಎಣ್ಣೆ ತುಂಬಿದ ಕೊಳವೆ ಸ್ಪ್ರಿಂಗಿನ ಕುಣಿತವನ್ನು ಅಡಗಿಸುತ್ತದೆ. ಎಂಜಿನ್ ಒಮ್ಮೆ ಗುಡುಗಿದರೆ ಊರೆಲ್ಲ ಚಪ್ಪಾಳೆ ತಟ್ಟುತ್ತದೆ. ಸಸ್ಪೆನ್ಷನ್ ಚೆನ್ನಾಗಿದ್ದರೆ ಅದು ಇದೆಯೆಂದೇ ಯಾರಿಗೂ ಗೊತ್ತಾಗುವುದಿಲ್ಲ. ಕೆಟ್ಟಾಗ ಮಾತ್ರ ಎಲ್ಲರಿಗೂ ಅದರ ನೆನಪು. ಅಂಥ ಕೆಲಸಕ್ಕೆ ಅಂಥವಳೇ ಸಿಕ್ಕಿದ್ದಳು.

ಶೆಡ್ಡಿನಲ್ಲಿ ಹಿಂದಿನ ಬ್ಯಾಚುಗಳಿಂದ ನಡೆದುಬಂದ ಒಂದು ಕಟ್ಟಳೆ ಇತ್ತು. ನಟ್ಟನ್ನು ಬಿಗಿ ಮಾಡಿದವರು, ಆ ನಟ್ಟಿನ ಮೇಲಿಂದ ಪಕ್ಕದ ಲೋಹದ ಮೇಲಕ್ಕೆ ಹಾಯುವಂತೆ ಬಿಳಿ ಬಣ್ಣದ ಪೆನ್ನಿನಲ್ಲಿ ಒಂದು ಗೀಟು ಎಳೆಯಬೇಕು. ನಟ್ಟು ತಿರುಗಿದರೆ ಗೀಟು ತುಂಡಾಗಿ ಕಾಣುತ್ತದೆ. ಆಮೇಲೆ ಇನ್ನೊಬ್ಬರು ಬಂದು ಸ್ಪ್ಯಾನರ್ ಹಾಕಿ, ಎಳೆದು ನೋಡಿ, ಪಕ್ಕದಲ್ಲೇ ಹಳದಿ ಗೀಟು ಎಳೆಯಬೇಕು. ಬಿಳಿ ಎಂದರೆ ಮಾಡಿದ್ದಾಯಿತು, ಹಳದಿ ಎಂದರೆ ನೋಡಿದ್ದಾಯಿತು. ಒಂದೇ ಕೈ ಎರಡನ್ನೂ ಎಳೆಯಕೂಡದು. ತನ್ನ ಬೆನ್ನು ತನಗೆ ಕಾಣುವುದಿಲ್ಲವಲ್ಲ, ಅಷ್ಟೇ ಅದರ ಹಿಂದಿದ್ದ ಬುದ್ಧಿ.

ಮೊದಮೊದಲು ಬಿಳಿ ಗೀಟು ಸ್ಪ್ರಿಂಗಮ್ಮನದು, ಹಳದಿ ಗೀಟು ಗುಬ್ಬಿಯದು. ಗುಬ್ಬಿ ಅವಳ ಜೊತೆಗೇ ತಂಡ ಸೇರಿದ ಹುಡುಗಿ. ಆಳು ಮೂರು ಗೇಣು, ಮಾತು ಮೂರು ಮಾರು. ಇಬ್ಬರೂ ಕಂಪ್ಯೂಟರಿನ ಮುಂದೆ ಒಂದೇ ಸ್ಟೂಲಿನಲ್ಲಿ ಅರ್ಧರ್ಧ ಕೂತು ಚಕ್ರದ ತೋಳುಗಳ ನಕ್ಷೆ ಬರೆದರು. ಯಾವ ತಿರುವಿನಲ್ಲಿ ಯಾವ ಚಕ್ರ ಎಷ್ಟು ವಾಲಬೇಕೆಂದು ಜಗಳವಾಡಿದರು. ಸ್ಪ್ರಿಂಗಮ್ಮನ ಗೀಟು ಅಡಿಪಟ್ಟಿ ಇಟ್ಟು ಎಳೆದಂತೆ ಸಣ್ಣಗೆ, ನೆಟ್ಟಗೆ. ಗುಬ್ಬಿಯದು ದಪ್ಪಗೆ, ಕೊನೆಯಲ್ಲೊಂದು ಕೊಂಕು. ಇದೇನೇ ಕಾಗೆ ಕಾಲು ಎಂದು ಇವಳು ಹಂಗಿಸುವುದು, ನೋಡಿದ್ದು ನಿಜವಾದರೆ ಸಾಕು, ಅಂದ ಯಾರಿಗೆ ಬೇಕು ಎಂದು ಅವಳು ಉತ್ತರಿಸುವುದು. ಊಟದ ಡಬ್ಬಿಯಲ್ಲಿ ಸ್ಪ್ರಿಂಗಮ್ಮನ ಅಮ್ಮ ಎರಡು ಪಾಲು ಹಾಕಿ ಕಳಿಸುತ್ತಿದ್ದಳು. ಮೇಲಿನ ಡಬ್ಬಿ ಮಗಳಿಗೆ, ಕೆಳಗಿನದು ಗುಬ್ಬಿಗೆ.

ಅಮ್ಮನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮಧ್ಯಾಹ್ನದ ಪಾಳಿ. ಅಪ್ಪ ಎಂದರೆ ಗೋಡೆಯ ಮೇಲಿನ ಫೋಟೋ ಅಷ್ಟೇ. ತಾಯಿ ಮಗಳು ಒಬ್ಬರಿಗೊಬ್ಬರು ಸಿಗುತ್ತಿದ್ದದ್ದು ಬೆಳಗ್ಗೆ, ಒಬ್ಬಳು ಹೊರಡುವಾಗ ಇನ್ನೊಬ್ಬಳು ಡಬ್ಬಿ ಕೈಗಿಡುವಾಗ, ಬಾಗಿಲಿನ ಹತ್ತಿರ. ಯಾರೂ ಇಲ್ಲದ ಮನೆಗೆ ಶಾಲೆಯಿಂದ ಬಂದು, ತಾನೇ ಬೀಗ ತೆಗೆದು, ತಾನೇ ಬಡಿಸಿಕೊಂಡು ಬೆಳೆದ ಹುಡುಗಿ. ಯಾರನ್ನಾದರೂ ಕೂಗಿ ಕರೆಯಬೇಕೆನ್ನುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಕರೆದರೆ ಓಗೊಡಲು ಮನೆಯಲ್ಲಿ ಯಾರಿದ್ದರು?

ಗುಬ್ಬಿಯ ಜೊತೆಗಿನ ಸ್ನೇಹ ಹಾಳಾದದ್ದು ಮುಂದಿನ ಚಕ್ರದ ತೋಳುಗಳ ದೆಸೆಯಿಂದ. ಆ ಸಲ ಬೆಸುಗೆಯ ಕೆಲಸ ಗುಬ್ಬಿಯದು. ಚೌಕಟ್ಟಿನಲ್ಲಿ ಕೊಳವೆಗಳನ್ನು ಬಿಗಿದಿಟ್ಟು, ಕಣ್ಣಿಗೆ ಕಪ್ಪು ಗಾಜು ಕಟ್ಟಿಕೊಂಡು, ಮೊದಲ ಸಲ ತಾನೊಬ್ಬಳೇ ಬೆಸೆದಿದ್ದಳು. ಶೆಡ್ಡಿಗೆ ಬಂದವರಿಗೆಲ್ಲ ಎತ್ತಿ ಎತ್ತಿ ತೋರಿಸಿದ್ದೂ ಆಯಿತು. ಎರಡು ತೋಳುಗಳಲ್ಲಿ ಬೋಲ್ಟು ಕೂರುವ ತೂತು ಮಾತ್ರ ಉಗುರಿನ ದಪ್ಪದಷ್ಟು ಆಚೆ ಸರಿದಿತ್ತು. ಹೇಳಿದ್ದರೆ ಅರ್ಧ ದಿನದಲ್ಲಿ ಅವಳೇ ಸರಿ ಮಾಡಿಕೊಳ್ಳುತ್ತಿದ್ದಳು. ಸ್ಪ್ರಿಂಗಮ್ಮ ಹೇಳಲಿಲ್ಲ. ರಜೆಯ ದಿನ ಒಬ್ಬಳೇ ಬಂದು ಹೊಸ ಕೊಳವೆ ಕತ್ತರಿಸಿ, ಎರಡನ್ನೂ ಮತ್ತೆ ಬೆಸೆದು, ಬಣ್ಣ ಹೊಡೆದು ಒಣಗಲು ನೇತುಹಾಕಿದಳು. ಗುಬ್ಬಿ ಮಾಡಿದ್ದು ಗುಜರಿ ಡ್ರಮ್ಮಿನಲ್ಲಿ ಬಿತ್ತು.

ಮರುದಿನ ಗುಬ್ಬಿ ಬಂದು ಡ್ರಮ್ಮಿನೊಳಗೆ ನೋಡಿದಳು.

"ಹೇಳಿದ್ರೆ ನಾನೇ ಸರಿ ಮಾಡ್ತಿದ್ನಲ್ಲೇ."

"ನಿಂಗೆ ಹೇಳಿ ಮಾಡ್ಸೋದಕ್ಕಿಂತ ನಾನೇ ಮಾಡೋದು ಬೇಗ ಆಗುತ್ತೆ" ಎಂದಳು ಸ್ಪ್ರಿಂಗಮ್ಮ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗುಬ್ಬಿ ಜೇಬಿನಿಂದ ಹಳದಿ ಪೆನ್ನು ತೆಗೆದು ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡು ಹೊರಗೆ ನಡೆದಳು. ಅಳಲಿಲ್ಲ, ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಕೆಲವು ವಾರಗಳ ನಂತರ ಕಾರು ಓಡಿಸುವವರನ್ನು ಆರಿಸುವ ಪರೀಕ್ಷೆ ನಡೆದಾಗ ಅವಳೂ ಹೆಸರು ಕೊಟ್ಟಳು. ಹಗುರ ಮೈ, ಹೆದರಿಕೆ ಎಂಬುದು ಹುಟ್ಟಿನಿಂದಲೇ ಇಲ್ಲ; ಒಂಟೆಯನ್ನೂ ಹಿಂದೆ ಹಾಕಿದಳು. ಸಸ್ಪೆನ್ಷನ್ ಬಿಟ್ಟ ಗುಬ್ಬಿ ಕಾರಿನ ಸೀಟಿಗೆ ಹೋಗಿ ಕೂತಳು.

ಅಲ್ಲಿಂದ ಮುಂದೆ ಆ ಮೂಲೆ ಸ್ಪ್ರಿಂಗಮ್ಮನೊಬ್ಬಳದೇ ಆಯಿತು. ಸಹಾಯಕ್ಕೆ ಯಾರನ್ನಾದರೂ ಕೊಡಲೇ ಎಂದು ಕ್ಯಾಪ್ಟನ್ ಕೇಳಿದ. ಬೇಡ ಎಂದಳು. ಮತ್ತೆ ಕೇಳಿದ. ಮತ್ತೂ ಬೇಡ ಎಂದಳು. ಮೂರನೆಯ ಸಲ ಅವನು ಕೇಳಲಿಲ್ಲ, ಅವನಿಗೇನು ಬೇರೆ ಕೆಲಸವಿರಲಿಲ್ಲವೇ? ಎಂಜಿನ್ ಕಡೆ ಸದಾ ಜಾತ್ರೆ, ನಗು, ಹೊಗೆಯ ಮೇಲೆ ಹೊಗೆಯದೇ ಜೋಕು. ಈ ಕಡೆ ಟ್ಯೂಬ್‌ಲೈಟಿನ ಗುಂಯ್ ಸದ್ದು. ಅಮ್ಮ ಡಬ್ಬಿಗೆ ಎರಡು ಪಾಲು ಹಾಕುವುದನ್ನು ನಿಲ್ಲಿಸಿರಲಿಲ್ಲ, ಮಗಳು ನಿಲ್ಲಿಸು ಎಂದು ಹೇಳಿರಲೂ ಇಲ್ಲ. ಕೆಳಗಿನ ಡಬ್ಬಿಯದನ್ನು ಸಂಜೆ ಬಸ್ ಸ್ಟಾಪಿನಲ್ಲಿ ನಿಂತು ತಿಂದು ಖಾಲಿ ಮಾಡುತ್ತಿದ್ದಳು. ಒಂದು ಬೆಳಗ್ಗೆ ಬಾಗಿಲಲ್ಲಿ ಅಮ್ಮ, ಗುಬ್ಬಿಯ ಸುದ್ದಿಯೇ ಇಲ್ಲವಲ್ಲ ಎಂದಳು. ಅವಳಿಗೆ ಈಗ ಬೇರೆ ಕೆಲಸ ಎಂದಳು ಮಗಳು.

"ನೀನು ಕರೆದ್ಯಾ?" ಎಂದಳು ಅಮ್ಮ.

ಬಸ್ಸು ಬಂತೆಂದು ಮಗಳು ಓಡಿದಳು. ಬಸ್ಸು ಬಂದಿರಲಿಲ್ಲ.

ಮೊದಲ ಸಲ ಹಳದಿ ಗೀಟಿನ ಸರದಿ ಬಂದಾಗ ಅವಳು ಕಾದಳು. ಯಾರಾದರೂ ಈ ಕಡೆ ಹಾಯ್ದರೆ ಕೇಳೋಣವೆಂದು ಸ್ಪ್ಯಾನರ್ ಕೈಯಲ್ಲಿ ಹಿಡಿದು ಕೂತಳು. ಯಾರೂ ಹಾಯಲಿಲ್ಲ. ಎದ್ದು ಹೋಗಿ ಒಬ್ಬರ ಭುಜ ಮುಟ್ಟುವುದು ಎಂಜಿನ್ ಎತ್ತುವುದಕ್ಕಿಂತ ಭಾರವೆನಿಸಿತು. ಕೊನೆಗೆ ತಾನೇ ಒಂದು ದಾರಿ ಹುಡುಕಿಕೊಂಡಳು. ಬಿಳಿ ಗೀಟು ಎಳೆದು, ಹೊರಗೆ ಹೋಗಿ ನೀರು ಕುಡಿದು, ಶೆಡ್ಡನ್ನು ಒಂದು ಸುತ್ತು ಹಾಕಿ, ಬೇರೆ ಯಾರೋ ಬಂದಂತೆ ಒಳಗೆ ಬಂದಳು. ಸ್ಪ್ಯಾನರ್ ಹಾಕಿ ಪ್ರತಿಯೊಂದು ನಟ್ಟನ್ನೂ ಅನುಮಾನದಿಂದ ಎಳೆದು ನೋಡಿ ಹಳದಿ ಗೀಟು ಎಳೆದಳು. ಮಕ್ಕಳು ಒಬ್ಬರೇ ಅಂಗಡಿಯವನೂ ಗಿರಾಕಿಯೂ ಆಗಿ ಆಡುತ್ತಾರಲ್ಲ, ಹಾಗೆ. ನಗು ಬರುವಂಥದ್ದೇ, ಆದರೆ ಅವಳು ನಗಲಿಲ್ಲ. ಹೀಗೆ ಕಾರಿನ ನಾಲ್ಕೂ ಮೂಲೆಯ ನಟ್ಟುಗಳ ಮೇಲೆ ಎರಡೆರಡು ಗೀಟು ಬಿದ್ದವು, ಎರಡೂ ನೆಟ್ಟಗೆ, ಎರಡೂ ಸಣ್ಣಗೆ.

ಕಾರಿನ ತೂಕ ಹೊಂದಿಸುವ ದಿನ ಮಾತ್ರ ಒಬ್ಬಳಿಂದ ಆಗುವಂತಿರಲಿಲ್ಲ. ನಾಲ್ಕು ಚಕ್ರದ ಕೆಳಗೂ ತಕ್ಕಡಿ ಇಟ್ಟು, ಓಡಿಸುವವರನ್ನೇ ಸೀಟಿನಲ್ಲಿ ಕೂರಿಸಿ, ಯಾವ ಮೂಲೆಗೆ ಎಷ್ಟು ಭಾರ ಬೀಳುತ್ತದೆಂದು ನೋಡಿ ಸ್ಪ್ರಿಂಗು ತಿರುಗಿಸಬೇಕು. ಗುಬ್ಬಿ ಬಂದಳು. ಹೆಲ್ಮೆಟ್ ಹಾಕಿಕೊಂಡೇ ಬಂದಳು. ಇಡೀ ಮಧ್ಯಾಹ್ನ ಒಬ್ಬಳು ಸೀಟಿನಲ್ಲಿ, ಒಬ್ಬಳು ಚಕ್ರದ ಪಕ್ಕ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಅಲುಗಾಡಬೇಡ, ಸ್ಟೀರಿಂಗ್ ನೇರ ಹಿಡಿ, ಉಸಿರು ಬಿಡು, ಇಷ್ಟೇ ಮಾತು. ಗುಬ್ಬಿ ಉಸಿರಾಡಿದಾಗ ತಕ್ಕಡಿಯ ಅಂಕಿ ಸಣ್ಣಗೆ ಏರಿ ಇಳಿಯುತ್ತಿತ್ತು. ಸ್ಪ್ರಿಂಗಮ್ಮ ಅದನ್ನೇ ನೋಡುತ್ತ ಬೇಕಾದ್ದಕ್ಕಿಂತ ಸ್ವಲ್ಪ ಹೊತ್ತು ಜಾಸ್ತಿಯೇ ಕೂತಳು. ಅವಳಿಗೆ ಬೇಕಿದ್ದದ್ದು ಟ್ರೋಫಿಯಲ್ಲ, ಪದಕವಲ್ಲ. ಈ ಕಾರನ್ನು ಓಡಿಸಿ ಇಳಿದು ಬಂದು ಗುಬ್ಬಿ 'ಚೆನ್ನಾಗಿದೆ ಕಣೇ' ಎಂದರೆ ಸಾಕಿತ್ತು. ಆಮೇಲೆ ಮಿಕ್ಕಿದ್ದೆಲ್ಲ ತಾನಾಗಿಯೇ ಸರಿಹೋಗುತ್ತದೆಂದು ಅವಳು ನಂಬಿದ್ದಳು.

ಏಳುವ ಮೊದಲು ಗುಬ್ಬಿ ಮುಂದಿನ ಚಕ್ರದ ಕಡೆ ಬಗ್ಗಿ ನೋಡಿದಳು.

"ಹಳದಿ ಯಾರು ಹಾಕಿದ್ದು?"

"ಹಾಕ್ಸಿದ್ದೀನಿ."

ಹೆಲ್ಮೆಟ್ಟಿನೊಳಗಿನ ಕಣ್ಣು ಒಂದು ಕ್ಷಣ ಇವಳ ಮೇಲೆ ನಿಂತಿತು. ಸರಿ ಎಂದು ತಲೆಯಾಡಿಸಿ ಎದ್ದು ಹೋದಳು.

ಓಡಿಸಿ ನೋಡುವ ದಿನ ಬಿಸಿಲು ಚೆನ್ನಾಗಿತ್ತು. ಹಳೆಯ ಬಸ್ ಡಿಪೋದ ಖಾಲಿ ಅಂಗಳ. ಕಿತ್ತಳೆ ಬಣ್ಣದ ಕೋನುಗಳನ್ನಿಟ್ಟು ದಾರಿ ಮಾಡಿದ್ದರು, ತುದಿಯಲ್ಲಿ ಹಳೆ ಟೈರುಗಳ ಗೋಡೆ. ಗುಬ್ಬಿ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಓಡಿಸಿದಳು. ಕಾರು ಕೋನುಗಳ ನಡುವೆ ಸೂಜಿಯ ಹಿಂದಿನ ದಾರದಂತೆ ಹೋಯಿತು. ಕ್ಯಾಪ್ಟನ್ ಎಂದೂ ಇಲ್ಲದೆ ಸ್ಪ್ರಿಂಗಮ್ಮನ ಕಡೆ ತಿರುಗಿ ಹೆಬ್ಬೆರಳು ಎತ್ತಿ ತೋರಿಸಿದ. ಅವಳ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು.

ಗುಬ್ಬಿ ನಿಲ್ಲಿಸಿ, ಎಡಕ್ಕೆ ತಿರುಗುವಾಗ ಹಿಂಭಾಗ ಸ್ವಲ್ಪ ಸೋಮಾರಿಯಾಗಿದೆ ಎಂದು ಕ್ಯಾಪ್ಟನ್ನಿಗೆ ಹೇಳಿದಳು, ಇವಳಿಗಲ್ಲ. ಸ್ಪ್ರಿಂಗಮ್ಮ ಹಿಂದಿನ ಬಲ ಚಕ್ರದ ಬಳಿ ಮೊಣಕಾಲೂರಿದಳು. ಚಕ್ರ ಯಾವ ದಿಕ್ಕಿಗೆ ನೋಡಬೇಕೆಂದು ಹಿಡಿದಿಡುವ ಸಣ್ಣ ಸರಳೊಂದು ಅಲ್ಲಿದೆ. ಅದರ ನಟ್ಟು ಸಡಿಲಿಸಿ, ಸರಳನ್ನು ಒಂದು ಸುತ್ತು ತಿರುಗಿಸಿ, ನಟ್ಟನ್ನು ಬೆರಳಿನಿಂದಲೇ ತಿರುಗಿಸಿ ಹಿಂದಕ್ಕೆ ತಂದಳು. ಸ್ಪ್ಯಾನರಿಗೆ ಕೈ ಹಾಕಬೇಕು, ಅಷ್ಟರಲ್ಲಿ ಟೈರಿನ ಗಾಳಿ ಎಷ್ಟಿರಲಿ ಎಂದು ಕ್ಯಾಪ್ಟನ್ ಕರೆದ. ಹೋಗಿ ಹೇಳಿ ಬಂದಳು. ಬಂದವಳು ಬಗ್ಗಿ ನೋಡಿದಳು. ನಟ್ಟಿನ ಮೇಲೆ ಬಿಳಿ ಗೀಟು, ಪಕ್ಕದಲ್ಲಿ ಹಳದಿ ಗೀಟು. ಸರಳಿನ ಮೇಲಿನ ಗೀಟಿಗೂ ನಟ್ಟಿನ ಮೇಲಿನ ಗೀಟಿಗೂ ನಡುವೆ ಇದ್ದದ್ದು ಕೂದಲೆಳೆಯ ಅಂತರ.

ನಟ್ಟು ಸಡಿಲಿಸಿದರೆ ಹಳೆಯ ಗೀಟುಗಳನ್ನು ಸ್ಪಿರಿಟ್ಟಿನಿಂದ ಒರೆಸಿ, ಬಿಗಿ ಮಾಡಿದ ಮೇಲೆ ಹೊಸದಾಗಿ ಎಳೆಯಬೇಕು ಎಂಬುದು ಕಟ್ಟಳೆಯ ಉಳಿದ ಅರ್ಧ. ಗುಬ್ಬಿ ಇದ್ದಾಗ ಅವಳು ಬಟ್ಟೆ ಹಿಡಿದೇ ನಿಂತಿರುತ್ತಿದ್ದಳು. ಈಗ ಒರೆಸುವವರೂ ಇಲ್ಲ, ಬಂದು ನೋಡುವವರೂ ಇಲ್ಲ. ಹಳದಿ ಗೀಟನ್ನು ಕಂಡ ಕೂಡಲೇ ಸ್ಪ್ರಿಂಗಮ್ಮನ ಮನಸ್ಸು, ಸದ್ಯ, ಯಾರೋ ನೋಡಿದ್ದಾರೆ ಎಂದು ಹಗುರಾಯಿತು. ಆ ಯಾರೋ ತಾನೇ ಎಂಬುದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಲೇ ಇಲ್ಲ. ತಾನು ಎಳೆದ ಸುಳ್ಳನ್ನು ತಾನೇ ನಂಬಿ, ಎದ್ದು ಕೈ ಬೀಸಿ ಹೋಗಬಹುದೆಂದು ಸನ್ನೆ ಮಾಡಿದಳು.

ಸುತ್ತು ಸುತ್ತಿಗೂ ಕಾರು ಜೋರಾಯಿತು. ಟೈರಿನ ಗೋಡೆಯ ಹತ್ತಿರದ ತಿರುವಿನಲ್ಲಿ ಹಿಂದಿನ ಬಲ ಚಕ್ರ ತಾನೇ ಬೇರೆ ದಿಕ್ಕು ಹಿಡಿದಂತೆ ಹೊರಕ್ಕೆ ತಿರುಗಿತು. ಕಾರು ಬುಗುರಿಯಾಗಿ ಟೈರುಗಳಿಗೆ ಅಡ್ಡಡ್ಡ ಬಡಿಯಿತು. ಧೂಳು ಎದ್ದಿತು. ಎಲ್ಲರೂ ಓಡಿದರು. ಸ್ಪ್ರಿಂಗಮ್ಮನೂ ಓಡಿದಳು, ಆದರೆ ಅವಳ ಕಣ್ಣು ಹೋದದ್ದು ಆ ನಟ್ಟಿನ ಕಡೆಗೆ. ನಟ್ಟು ಸರಳಿನಿಂದ ದೂರ ಸರಿದು ಕೂತಿತ್ತು, ಎರಡು ಗೀಟೂ ತುಂಡು. ಆಮೇಲೆ ಗುಬ್ಬಿಯನ್ನು ನೋಡಿದಳು. ಮೊದಲು ನಟ್ಟು, ಆಮೇಲೆ ಗುಬ್ಬಿ ಎಂಬುದು ಬದುಕಿರುವವರೆಗೂ ಅವಳನ್ನು ಚುಚ್ಚುವಂಥದ್ದು.

ಗುಬ್ಬಿಯನ್ನು ಎತ್ತಿ ಹೊರಗೆ ಕೂರಿಸಿದರು. ಬಲಗೈ ಮಣಿಕಟ್ಟು ಊದಿಕೊಂಡಿತ್ತು, ಬಣ್ಣ ಬದಲಾಗುತ್ತಿತ್ತು. ಕ್ಯಾಪ್ಟನ್ ನಟ್ಟನ್ನು ನೋಡಿ ಎದ್ದು ನಿಂತ. ಕೂಗಾಡುವವನು ಈಗ ಮೆಲ್ಲಗೆ, ಇದಕ್ಕೆ ಹಳದಿ ಎಳೆದವರು ಯಾರು ಎಂದು ಕೇಳಿದ. ಹೊಗೆ, ತಾನಲ್ಲಪ್ಪ ಎಂದ. ಒಂಟೆಯೂ ಅಲ್ಲವೆಂದು ತಲೆಯಾಡಿಸಿದ.

"ಎರಡೂ ನಾನೇ" ಎಂದಳು ಸ್ಪ್ರಿಂಗಮ್ಮ. "ಎಲ್ಲಾ ನಟ್ಟಿಗೂ ನಾನೇ."

ಕ್ಯಾಪ್ಟನ್ ಅವಳನ್ನು ಬೈಯದೆ, ಗುಬ್ಬಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಗಾಡಿ ತರಿಸಿದ. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಆಸ್ಪತ್ರೆಯ ಉದ್ದ ಬೆಂಚಿನ ಮೇಲೆ ಪ್ಲಾಸ್ಟರ್ ಹಾಕಿಸಿಕೊಂಡ ಗುಬ್ಬಿ ತನ್ನಣ್ಣ ಬರುವುದನ್ನು ಕಾಯುತ್ತಿದ್ದಳು. ಸ್ಪ್ರಿಂಗಮ್ಮ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು. ತಪ್ಪಾಯಿತು ಎಂದಳು. ಎಷ್ಟು ಸಲ ಹೇಳಿದರೂ ಆ ಮಾತು ಚಿಕ್ಕದಾಗಿಯೇ ಉಳಿಯಿತು. ಗುಬ್ಬಿ ಗೋಡೆ ನೋಡುತ್ತಿದ್ದಳು.

"ನಂಗೆ ಗೊತ್ತಿತ್ತು. ತೂಕದ ದಿನಾನೇ ಗೊತ್ತಾಯ್ತು. ಅಷ್ಟು ನೆಟ್ಟಗೆ ಗೀಟು ಎಳೆಯೋರು ಶೆಡ್ಡಲ್ಲಿ ಇನ್ಯಾರಿದ್ದಾರೆ?"

"ಗೊತ್ತಿದ್ದೂ ಕೂತ್ಯಾ?"

"ನೀನು ಮಾಡಿದ್ದಲ್ವಾ" ಎಂದಳು ಗುಬ್ಬಿ. "ನೀನು ಮಾಡಿದ್ದನ್ನ ಇನ್ನೊಬ್ರು ನೋಡ್ಬೇಕು ಅಂತ ನಂಗೆ ಯಾವತ್ತೂ ಅನ್ನಿಸ್ಲಿಲ್ಲ."

ಗುಜರಿ ಡ್ರಮ್ಮಿನಲ್ಲಿ ಬಿದ್ದಿದ್ದ ಎರಡು ತೋಳುಗಳು ಸ್ಪ್ರಿಂಗಮ್ಮನ ಕಣ್ಣ ಮುಂದೆ ಬಂದವು. ಅಷ್ಟರಲ್ಲಿ ಅಣ್ಣ ಬಂದ, ತಂಗಿಯ ಚೀಲ ಎತ್ತಿಕೊಂಡ. ಎದ್ದು ಹೋಗುವಾಗ ಗುಬ್ಬಿ ತಿರುಗದೆಯೇ, ಕಾರು ಮಾತ್ರ ಚೆನ್ನಾಗಿತ್ತು ಎಂದಳು. ಅಷ್ಟು ದಿನ ಕಾದ ಮಾತು. ಬಂದಾಗ ಅದನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಸ್ಪರ್ಧೆಗೆ ಇನ್ನು ಒಂಟೆಯೇ ಓಡಿಸಬೇಕು. ಅವನ ಉದ್ದಕ್ಕೆ ಸೀಟು ಹಿಂದೆ ಸರಿಯಿತು, ಅವನ ಭಾರಕ್ಕೆ ಸ್ಪ್ರಿಂಗು ಬದಲಾಯಿತು, ಎಲ್ಲಾ ನಟ್ಟೂ ಬಿಚ್ಚಿ ಮತ್ತೆ ಹಾಕುವುದಾಯಿತು. ಸ್ಪ್ರಿಂಗಮ್ಮ ಹಳೆಯ ಗೀಟುಗಳನ್ನೆಲ್ಲ ಒರೆಸಿ, ಬಿಗಿ ಮಾಡಿ, ಬಿಳಿ ಎಳೆದು ನಿಂತಳು. ಹಳದಿ ಗೀಟನ್ನು ತಾನೇ ಎಳೆಯುತ್ತೇನೆಂದು ಕ್ಯಾಪ್ಟನ್ ಹೇಳಿದ್ದ. ಆದರೆ ಬಾಗಿಲಲ್ಲಿ ಕಂಡದ್ದು, ಕೈಯನ್ನು ಕುತ್ತಿಗೆಗೆ ತೂಗುಹಾಕಿಕೊಂಡ ಗುಬ್ಬಿ. ಸೀಟಿನಲ್ಲಿ ಒಂಟೆ ಕೂರುತ್ತಾನೆಂದು ಬಂದೆ, ನಿನಗೋಸ್ಕರ ಅಲ್ಲ ಎಂದು ಮೊದಲೇ ಹೇಳಿಬಿಟ್ಟಳು. ಎಡಗೈಯಲ್ಲಿ ಸ್ಪ್ಯಾನರ್ ಹಿಡಿದು, ಮೈಭಾರವನ್ನೆಲ್ಲ ಬಿಟ್ಟು ಒಂದೊಂದೇ ನಟ್ಟನ್ನು ಎಳೆದು ನೋಡಿದಳು. ಹಳದಿ ಗೀಟುಗಳು ಮೊದಲೇ ಸೊಟ್ಟ, ಈಗ ಎಡಗೈಯಲ್ಲಿ ಕೇಳಬೇಕೇ? ಒಂದೊಂದೂ ಬಿದ್ದೆದ್ದು ಹೋದಂತಿತ್ತು. ಒಂದು ಕಡೆ ನಟ್ಟು ಸ್ವಲ್ಪ ಜಗ್ಗಿತು. ಗುಬ್ಬಿ ಅದನ್ನು ಬಿಗಿದು ಗೀಟು ಎಳೆದಳು.

ಅವಳು ಹೋದ ಮೇಲೆ ಆ ನಟ್ಟಿನ ಹತ್ತಿರ ಹೋಗಿ ಇನ್ನೊಮ್ಮೆ ಎಳೆದು ನೋಡಬೇಕೆಂದು ಸ್ಪ್ರಿಂಗಮ್ಮನ ಕೈ ತುರಿಸಿತು. ಹುಟ್ಟುಗುಣ ಸುಟ್ಟರೂ ಹೋಗುತ್ತದೆಯೇ? ಸ್ಪ್ಯಾನರನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿ, ಆ ಮುಚ್ಚಳದ ಮೇಲೆಯೇ ಕೂತುಬಿಟ್ಟಳು.

ಸ್ಪರ್ಧೆಯ ಬೆಳಗ್ಗೆ ಕಾರನ್ನು ಪರೀಕ್ಷಿಸಲು ಬಂದ ಹಿರಿಯರು ಟಾರ್ಚು ಹಿಡಿದು ಚಕ್ರದ ಕೆಳಗೆ ಬಗ್ಗಿದರು. ಬಿಳಿ ಇಷ್ಟು ನೀಟಾಗಿದೆ, ಈ ಹಳದಿ ಯಾಕೆ ಹೀಗೆ ಎಂದು ಕೇಳಿದರು.

"ಅದು ನಂದಲ್ಲ ಸಾರ್" ಎಂದಳು ಸ್ಪ್ರಿಂಗಮ್ಮ. "ಗುಬ್ಬಿದು."

ಅವರಿಗೆ ಯಾವ ಗುಬ್ಬಿಯೋ ಏನೋ. ನಟ್ಟಿಗೆ ಸ್ಪ್ಯಾನರ್ ಹಾಕಿ ಎಳೆದರು, ಅದು ಜಗ್ಗಲಿಲ್ಲ. ಸರಿಯಿದೆ ಎಂದು ಮುಂದಿನ ಕಾರಿಗೆ ಹೋದರು.

ಕಾರು ತಳ್ಳಿಕೊಂಡು ಎಲ್ಲರೂ ಓಟ ಶುರುವಾಗುವ ಸಾಲಿನ ಕಡೆ ನಡೆದರು. ಸ್ಪ್ರಿಂಗಮ್ಮ ಒಬ್ಬಳೇ ಉಳಿದಳು, ಕೈಯಲ್ಲಿ ಅಮ್ಮ ಕೊಟ್ಟ ಡಬ್ಬಿ. ಎದುರಿನ ಮೆಟ್ಟಿಲುಗಳ ಮೇಲೆ ನೋಡಲು ಬಂದವರ ನಡುವೆ ಗುಬ್ಬಿ ಕೂತಿದ್ದಳು. ಪಕ್ಕದವರ ಯಾವುದೋ ಮಾತಿಗೆ ನಗುತ್ತಿದ್ದಳು, ಈ ಕಡೆ ನೋಡುತ್ತಿರಲಿಲ್ಲ. ಸ್ಪ್ರಿಂಗಮ್ಮ ಮೆಟ್ಟಿಲ ಬುಡಕ್ಕೆ ಹೋಗಿ ನಿಂತಳು. ತಾನಾಗಿ ತಿರುಗಿ ನೋಡಲಿ ಎಂದು ಸ್ವಲ್ಪ ಹೊತ್ತು ಕಾದಳು. ತಿರುಗಲಿಲ್ಲ.

"ಗುಬ್ಬೀ, ಊಟ ತಂದಿದ್ದೀನಿ" ಎಂದು ಕರೆದಳು.

ಅದೇ ಹೊತ್ತಿಗೆ ಸಾಲಿನಲ್ಲಿದ್ದ ಎಂಜಿನ್ನುಗಳೆಲ್ಲ ಒಟ್ಟಿಗೆ ಗುಡುಗಿದವು. ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಡಬ್ಬಿಯನ್ನು ಎದೆಗೆ ಅವಚಿಕೊಂಡು, ಗಂಟಲು ಹರಿಯುವ ಹಾಗೆ ಇನ್ನೊಮ್ಮೆ ಕೂಗಿದಳು.